ಕೆಲಸವಿಲ್ಲದವರಿಗೆ ‘ಪ್ರಾರ್ಥನೆ ಮಾಡು’ ಎನ್ನುವ ಮೊದಲು

ಕೆಲಸ ಕಳೆದುಕೊಂಡವರಿಗೆ, ಓದು ಮುಗಿಸಿ ಕೆಲಸ ಸಿಗದೆ ಅಲೆಯುತ್ತಿರುವವರಿಗೆ ನಮ್ಮ ಕ್ರೈಸ್ತ ಸಭೆಗಳಲ್ಲಿ ಸಿಗುವ ಮೊದಲ ಸಾಂತ್ವನ ಒಂದೇ: ‘ಚೆನ್ನಾಗಿ ಪ್ರಾರ್ಥನೆ ಮಾಡು, ದೇವರು ಕೈಬಿಡೋದಿಲ್ಲ.’ ಮೈಸೂರಿನ ಯಾವ ಚರ್ಚಿನ ಅಂಗಳದಲ್ಲಿ ಭಾನುವಾರ ನಿಂತರೂ ಈ ಮಾತು ಕೇಳುತ್ತದೆ. ಹೇಳುವವರ ಮನಸ್ಸಿನಲ್ಲಿ ಪ್ರೀತಿ ಇರುತ್ತದೆ, ಅದರ ಬಗ್ಗೆ ನನಗೆ ಅನುಮಾನವಿಲ್ಲ. ಪ್ರಾರ್ಥನೆಯ ಮೇಲೆ ನನಗೂ ನಂಬಿಕೆ ಇದೆ. ಆದರೂ ಈ ಮಾತನ್ನು ಹೀಗೆ ಹೇಳುವುದನ್ನು ನಾವು ನಿಲ್ಲಿಸಬೇಕು ಎಂದು ವಿನಯದಿಂದ ವಾದಿಸಲು ಇದನ್ನು ಬರೆಯುತ್ತಿದ್ದೇನೆ. ಒಬ್ಬರು ನಿರುದ್ಯೋಗಿಯಾದಾಗ ಪ್ರಾರ್ಥಿಸುವ ಹೊಣೆ ಮೊದಲು ಬೀಳಬೇಕಾದದ್ದು ಕೆಲಸ ಇರುವ ಉಳಿದವರ ಮೇಲೆ. ನಾವು ಅದನ್ನು ತಲೆಕೆಳಗು ಮಾಡಿಕೊಂಡಿದ್ದೇವೆ.

‘ಚೆನ್ನಾಗಿ ಪ್ರಾರ್ಥನೆ ಮಾಡು’ ಎಂದಾಗ ಕೇಳುವವರ ಕಿವಿಗೆ ಏನು ತಲಪುತ್ತದೆ ಎಂದು ಯೋಚಿಸಿ. ಆ ಹುಡುಗನೋ ಹುಡುಗಿಯೋ ಆಗಲೇ ಅರ್ಜಿ ಹಾಕಿದ್ದಾರೆ, ಲಿಖಿತ ಪರೀಕ್ಷೆ ಬರೆದಿದ್ದಾರೆ, ಸಂದರ್ಶನಕ್ಕೆಂದು ಬೆಂಗಳೂರಿಗೆ ಹೋಗಿ ಬಂದಿದ್ದಾರೆ. ಅಲ್ಲೆಲ್ಲ ಒಬ್ಬರಲ್ಲ ಒಬ್ಬರು ಅವರನ್ನು ಅಳೆದಿದ್ದಾರೆ. ಈಗ ಚರ್ಚೂ ಅಳೆಯಲು ನಿಲ್ಲುತ್ತದೆ: ಪ್ರಾರ್ಥನೆ ಸಾಕಷ್ಟು ಮಾಡಿದೆಯಾ, ಉಪವಾಸ ಹಿಡಿದೆಯಾ, ನಂಬಿಕೆ ಗಟ್ಟಿ ಇದೆಯಾ? ಕೆಲಸ ಸಿಗದೆ ತಿಂಗಳು ಕಳೆದಂತೆ ಅನುಮಾನ ತಿರುಗುವುದು ಮಾರುಕಟ್ಟೆಯ ಕಡೆಗಲ್ಲ, ಅವರ ವಿಶ್ವಾಸದ ಕಡೆಗೆ. ಕೊನೆಗೆ ಅವರು ಆರಾಧನೆಗೆ ತಡವಾಗಿ ಬಂದು ಹಿಂದಿನ ಸಾಲಿನಲ್ಲಿ ಕೂತು, ಕಡೆಯ ಆಶೀರ್ವಾದಕ್ಕೂ ಮೊದಲೇ ಪಕ್ಕದ ಬಾಗಿಲಿನಿಂದ ಹೊರಡುತ್ತಾರೆ. ಸ್ವಲ್ಪ ದಿನವಾದ ಮೇಲೆ ಬರುವುದನ್ನೇ ಬಿಡುತ್ತಾರೆ. ಆಗ ‘ಪಾಪ, ಹುಡುಗ ದೇವರಿಂದ ದೂರವಾದ’ ಎಂದು ನಾವು ಮರುಗುತ್ತೇವೆ. ದೂರ ಮಾಡಿದ್ದು ಯಾರು ಎಂದು ಕೇಳಿಕೊಳ್ಳುವುದಿಲ್ಲ.

ನಿರುದ್ಯೋಗಕ್ಕೂ ಒಬ್ಬ ವ್ಯಕ್ತಿಯ ನಂಬಿಕೆಯ ತೂಕಕ್ಕೂ ಸಂಬಂಧ ಕಲ್ಪಿಸುವುದು ಎಷ್ಟು ದುರ್ಬಲ ಎಂಬುದಕ್ಕೆ ನಮ್ಮ ಊರೇ ಸಾಕ್ಷಿ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಯಿತು. ಅಲ್ಲಿ ತಯಾರಾದ ಜಾವಾ, ಯೆಜ್ದಿ ಬೈಕುಗಳು ದೇಶದ ಉದ್ದಗಲಕ್ಕೂ ಓಡಿದವು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಹೆಚ್ಚು ಮೈಲೇಜು ಕೊಡುವ ಜಪಾನಿ ತಂತ್ರಜ್ಞಾನದ ಬೈಕುಗಳ ಎದುರು ಅದಕ್ಕೆ ನಿಲ್ಲಲಾಗಲಿಲ್ಲ. ಅಲ್ಲಿ ದುಡಿದವರಲ್ಲಿ ಚಾಮುಂಡಿ ಬೆಟ್ಟ ಹತ್ತುವವರಿದ್ದರು, ಮಸೀದಿಗೆ ಹೋಗುವವರಿದ್ದರು, ಚರ್ಚಿಗೆ ಹೋಗುವವರೂ ಇದ್ದರು. ಬಾಗಿಲು ಮುಚ್ಚಿದಾಗ ಎಲ್ಲರಿಗೂ ಒಟ್ಟಿಗೇ ಮುಚ್ಚಿತು. ಇತ್ತೀಚಿನದನ್ನೇ ನೋಡಿ. 2025ರ ಫೆಬ್ರುವರಿಯಲ್ಲಿ ಹೆಬ್ಬಾಳದ ಇನ್ಫೊಸಿಸ್ ಕ್ಯಾಂಪಸ್ಸಿನಿಂದ ಮುನ್ನೂರಕ್ಕೂ ಹೆಚ್ಚು ತರಬೇತಿ ನಿರತರು ಹೊರಹೋಗಬೇಕಾಯಿತು. ಒಳ ಪರೀಕ್ಷೆಯಲ್ಲಿ ಮೂರು ಅವಕಾಶ ಸಿಕ್ಕರೂ ಅವರು ಪಾಸಾಗಲಿಲ್ಲ ಎಂಬುದು ಕಂಪನಿ ಕೊಟ್ಟ ಕಾರಣ. ಅವರಲ್ಲಿ ಹಲವರು 2022ರಲ್ಲೇ ನೇಮಕದ ಪತ್ರ ಪಡೆದು, ಕೆಲಸಕ್ಕೆ ಸೇರಲು ಎರಡು ವರ್ಷ ಕಾದವರು. ಆ ಮಕ್ಕಳ ತಾಯಂದಿರು ಮಾಡಿದ ಪ್ರಾರ್ಥನೆಯಲ್ಲಿ ಕೊರತೆ ಇತ್ತು ಎಂದು ಹೇಳುವ ಧೈರ್ಯ ಯಾರಿಗಿದೆ?

ನಮ್ಮ ಸಭೆಗಳ ‘ಸಾಕ್ಷಿ’ ಹೇಳುವ ಪದ್ಧತಿಯನ್ನೂ ಈ ಬೆಳಕಿನಲ್ಲಿ ನೋಡಬೇಕು. ಹೊಸ ವರ್ಷದ ಆರಾಧನೆಯಲ್ಲಿ ಒಬ್ಬರು ಎದ್ದು ನಿಂತು, ತಾವು ಪ್ರಾರ್ಥಿಸಿದ್ದನ್ನೂ ಒಳ್ಳೆಯ ಕೆಲಸ ಸಿಕ್ಕಿದ್ದನ್ನೂ ಹೇಳುತ್ತಾರೆ. ಕೃತಜ್ಞತೆ ಒಳ್ಳೆಯದು, ಅದು ಬೇಡ ಎನ್ನಲಾರೆ. ಆದರೆ ಅಷ್ಟೇ ಪ್ರಾರ್ಥಿಸಿಯೂ ಕೆಲಸ ಸಿಗದವರು ಮೈಕಿನ ಮುಂದೆ ಬರುವುದೇ ಇಲ್ಲ. ಹೀಗಾಗಿ ವರ್ಷವರ್ಷವೂ ನಮ್ಮ ಕಿವಿಗೆ ಬೀಳುವುದು ಲೆಕ್ಕದ ಒಂದು ಬದಿ ಮಾತ್ರ. ಪ್ರಾರ್ಥಿಸಿದವರಿಗೆಲ್ಲ ಕೆಲಸ ಸಿಗುತ್ತದೆ ಎಂಬ ತಿಳಿವಳಿಕೆ ಹುಟ್ಟಿದ್ದು ಈ ಒಂದು ಬದಿಯಿಂದ. ‘ನನಗೆ ಇನ್ನೂ ಕೆಲಸ ಸಿಕ್ಕಿಲ್ಲ, ಆದರೂ ಇಲ್ಲಿ ಬಂದು ಕೂತಿದ್ದೇನೆ’ ಎಂದು ಹೇಳುವ ಧೈರ್ಯ ಮಾಡಿದವರಿಗೂ ಅದೇ ಮೈಕು ಸಿಗುವಂತಿದ್ದರೆ ನಮ್ಮ ಸಾಕ್ಷಿಗಳು ಹೆಚ್ಚು ಸತ್ಯವಾಗಿರುತ್ತಿದ್ದವು.

ಇಷ್ಟಕ್ಕೂ ನಾನು ಹೇಳುತ್ತಿರುವುದು ಬೈಬಲ್ಲಿಗೆ ಹೊರತಾದ ಮಾತಲ್ಲ. ಯೋಬನ ಕಥೆಯಲ್ಲಿ ಅವನ ಆಸ್ತಿ, ಮಕ್ಕಳು, ಆರೋಗ್ಯ ಎಲ್ಲವೂ ಹೋದಾಗ ಮೂವರು ಗೆಳೆಯರು ಬರುತ್ತಾರೆ. ಏಳು ಹಗಲು ಏಳು ರಾತ್ರಿ ಮಾತಾಡದೆ ಅವನ ಜೊತೆ ನೆಲದ ಮೇಲೆ ಕೂರುತ್ತಾರೆ. ಅವರು ಮಾಡಿದ ಅತ್ಯುತ್ತಮ ಕೆಲಸ ಅದೇ. ಬಾಯಿ ಬಿಟ್ಟ ಮೇಲೆ ಕೆಟ್ಟರು. ನಿನ್ನಲ್ಲಿ ಏನೋ ತಪ್ಪಿರಬೇಕು, ಅದಕ್ಕೇ ಹೀಗಾಯಿತು ಎಂದು ವಾದಿಸಿದರು. ಕೊನೆಯಲ್ಲಿ ದೇವರು ಕೋಪಗೊಂಡದ್ದು ಗೋಳಾಡಿದ ಯೋಬನ ಮೇಲಲ್ಲ, ದೇವರ ಪರವಾಗಿ ವಾದಿಸಿದ ಈ ಗೆಳೆಯರ ಮೇಲೆ. ಇನ್ನು ಗೆತ್ಸೆಮನೆ ತೋಟದಲ್ಲಿ ಯೇಸುವೇ ನೆಲಕ್ಕೆ ಬಿದ್ದು, ಕಷ್ಟದ ಪಾತ್ರೆ ತನ್ನಿಂದ ದೂರವಾಗಲಿ ಎಂದು ಬೇಡಿದರು. ಪಾತ್ರೆ ದೂರವಾಗಲಿಲ್ಲ. ಕೇಳಿದ್ದು ಸಿಗದಿದ್ದರೆ ನಂಬಿಕೆ ಕಡಿಮೆ ಎಂಬ ಸೂತ್ರವನ್ನು ಒಪ್ಪಿದರೆ ಅದು ಮೊದಲು ತಾಗುವುದು ಯಾರಿಗೆ ಎಂದು ಬೋಧಕರು ಯೋಚಿಸಬೇಕು.

ನಿರುದ್ಯೋಗದ ಬಗ್ಗೆ ಯೇಸು ಹೇಳಿದ ನೇರವಾದ ಕಥೆಯೊಂದು ಮತ್ತಾಯನ ಸುವಾರ್ತೆಯ 20ನೆಯ ಅಧ್ಯಾಯದಲ್ಲಿದೆ. ಅದನ್ನು ನಾವು ಪರಲೋಕದ ಕಥೆಯೆಂದು ಮಾತ್ರ ಓದಿಕೊಂಡು ಬಂದಿದ್ದೇವೆ. ಮೈಸೂರಿನ ಬೀದಿಗೆ ತಂದು ಓದಿದರೆ ಅದು ಬೇರೆಯೇ ಆಗಿ ಕಾಣುತ್ತದೆ. ಬೆಳಿಗ್ಗೆ ಏಳು ಗಂಟೆಗೆ ನಮ್ಮ ಊರಿನ ಕೆಲವು ವೃತ್ತಗಳಲ್ಲಿ ಗಾರೆ ಕೆಲಸದವರು ಕರಣೆ, ಬಾಂಡ್ಲಿ ಹಿಡಿದು, ಬಣ್ಣ ಹೊಡೆಯುವವರು ಬ್ರಷ್ಷು ಹಿಡಿದು, ಊಟದ ಡಬ್ಬಿಯ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ನಿಂತಿರುತ್ತಾರೆ. ಮೇಸ್ತ್ರಿ ಬಂದು ಗಟ್ಟಿಮುಟ್ಟಾದವರನ್ನು ಮೊದಲು ಆರಿಸುತ್ತಾನೆ. ವಯಸ್ಸಾದವರು, ಬಡಕಲಾದವರು ಉಳಿಯುತ್ತಾರೆ. ಹತ್ತು ಗಂಟೆಯಾದರೂ ಯಾರೂ ಕರೆಯದಿದ್ದರೆ ಡಬ್ಬಿಯ ಅನ್ನ ಅಲ್ಲಿಯೇ ಉಂಡು ಮನೆಗೆ ಹೋಗಬೇಕು. ಯೇಸುವಿನ ಕಥೆಯಲ್ಲಿ ತೋಟದ ಯಜಮಾನ ಬೆಳಿಗ್ಗೆ ಒಮ್ಮೆ ಬಂದು ಆಳುಗಳನ್ನು ಕರೆದುಕೊಂಡು ಹೋದವನು ಅಲ್ಲಿಗೇ ಬಿಡುವುದಿಲ್ಲ. ಒಂಬತ್ತಕ್ಕೆ, ಮಧ್ಯಾಹ್ನಕ್ಕೆ, ಮೂರಕ್ಕೆ, ಕೊನೆಗೆ ಸಂಜೆ ಐದಕ್ಕೂ ಪೇಟೆಗೆ ಬರುತ್ತಾನೆ. ಐದು ಗಂಟೆಗೂ ನಿಂತಿದ್ದವರನ್ನು ಏಕೆ ಸುಮ್ಮನೆ ನಿಂತಿದ್ದೀರಿ ಎಂದು ಕೇಳುತ್ತಾನೆ. ತಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ ಎಂದು ಅವರು ಉತ್ತರಿಸುತ್ತಾರೆ. ಯಜಮಾನ ಆ ಉತ್ತರವನ್ನು ನಂಬುತ್ತಾನೆ. ‘ಬೆಳಿಗ್ಗೆ ಎಲ್ಲಿದ್ದಿರಿ’ ಎಂದು ಜರೆಯುವುದಿಲ್ಲ, ಸೋಮಾರಿಗಳೆಂದು ಬಯ್ಯುವುದಿಲ್ಲ, ಪ್ರಾರ್ಥಿಸಿ ಎಂದು ಹೇಳಿ ಹೋಗುವುದಿಲ್ಲ. ತೋಟಕ್ಕೆ ಕರೆಯುತ್ತಾನೆ. ಸಂಜೆ ಕೂಲಿ ಹಂಚುವಾಗ ಒಂದು ಗಂಟೆ ದುಡಿದವರಿಗೂ ಇಡೀ ದಿನದ ಕೂಲಿ ಕೊಡುತ್ತಾನೆ. ಏಕೆಂದರೆ ಅವರ ಮನೆಯಲ್ಲಿ ಒಲೆ ಉರಿಯಬೇಕಾದದ್ದು ಇಡೀ ದಿನದ ಲೆಕ್ಕದಲ್ಲಿ. ಈ ಕಥೆಯಲ್ಲಿ ನಡೆದದ್ದು ಕೆಲಸವಿಲ್ಲದವರಲ್ಲ. ಕೆಲಸ ಕೊಡಬಲ್ಲವನು ಐದು ಸಲ ನಡೆದ.

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ. ಎರಡೂ ಗೌರವಕ್ಕೆ ಅರ್ಹವಾದವು.

ಮೊದಲನೆಯದು ಸಭೆಯ ಒಳಗಿನದು. ‘ಈಗಿನ ಹುಡುಗರಿಗೆ ಮೈ ಬಗ್ಗಿಸಲು ಮನಸ್ಸಿಲ್ಲ, ದುಡಿಯದವನು ಉಣ್ಣಬಾರದೆಂದು ಪೌಲನೇ ಹೇಳಿಲ್ಲವೇ’ ಎನ್ನುತ್ತಾರೆ. ಥೆಸಲೋನಿಕದವರಿಗೆ ಬರೆದ ಎರಡನೆಯ ಪತ್ರದ ಆ ಮಾತು ದುಡಿಯಲು ಮನಸ್ಸಿಲ್ಲದವರ ಬಗ್ಗೆ, ದುಡಿಮೆ ಸಿಗದವರ ಬಗ್ಗೆ ಅಲ್ಲ. ಸ್ವತಃ ಗುಡಾರ ಹೊಲಿದು ಬದುಕಿದ ಪೌಲನಿಗೆ ಈ ವ್ಯತ್ಯಾಸ ಗೊತ್ತಿತ್ತು. ಸೋಮಾರಿಗಳು ಇಲ್ಲವೆಂದಲ್ಲ. ಆದರೆ ನಮ್ಮೆದುರು ನಿಂತವನು ಸೋಮಾರಿಯೇ ಎಂದು ತಿಳಿಯಬೇಕಾದರೆ ಮೊದಲು ಅವನಿಗೊಂದು ಕೆಲಸ ತೋರಿಸಬೇಕು. ಕೆಲಸ ತೋರಿಸದೆ ಪೌಲನನ್ನು ತೋರಿಸುವುದು ನ್ಯಾಯವಲ್ಲ. ‘ಕಾಯಕವೇ ಕೈಲಾಸ’ ಎಂಬ ಮಾತು ಮನೆಮನೆಯಲ್ಲಿರುವ ನಾಡು ಇದು. ಇಲ್ಲಿ ಕೆಲಸ ಕಳೆದುಕೊಂಡವರು ಸಂಬಳದ ಜೊತೆಗೆ ಮಾನವನ್ನೂ ಕಳೆದುಕೊಳ್ಳುತ್ತಾರೆ. ಶರಣರು ಕಾಯಕದ ಜೊತೆಗೇ ದಾಸೋಹವನ್ನೂ ಇಟ್ಟಿದ್ದರು. ನಾವು ಮೊದಲನೆಯದನ್ನು ಬಾಯಿಪಾಠ ಮಾಡಿ ಎರಡನೆಯದನ್ನು ಕೈಬಿಟ್ಟಿದ್ದೇವೆ.

ಎರಡನೆಯದು ಹೊರಗಿನಿಂದ ಬರುವ ವಿಚಾರವಾದಿಗಳ ಆಕ್ಷೇಪ. ಹಾಗಾದರೆ ಪ್ರಾರ್ಥನೆಯೇ ಏಕೆ, ಅದು ಕೆಲಸ ಕೊಡುವುದಿಲ್ಲವಾದರೆ ಸಮಯ ಹಾಳಲ್ಲವೇ ಎಂದು ಅವರು ಕೇಳುತ್ತಾರೆ. ಈ ಮಾತನ್ನೂ ನಾನು ಒಪ್ಪಲಾರೆ. ಕೆಲಸವಿಲ್ಲದ ಮನುಷ್ಯನನ್ನು ಮೊದಲು ತಿನ್ನುವುದು ಹಸಿವಲ್ಲ, ತಾನು ಯಾರಿಗೂ ಬೇಡದವನಾದೆ ಎಂಬ ಭಾವನೆ. ದಿನದ ಗಂಟೆಗಳಿಗೆ ಆಕಾರವೇ ಇರುವುದಿಲ್ಲ, ಮನೆಯವರ ಮುಖ ನೋಡಲು ಕಷ್ಟವಾಗುತ್ತದೆ, ಮದುವೆ ಮನೆಗೆ ಹೋಗಲು ಮನಸ್ಸಾಗುವುದಿಲ್ಲ. ಅಂಥವರು ಕೆ.ಆರ್. ನಗರದ ಬಳಿಯ ಡೋರ್ನಹಳ್ಳಿಯ ಸಂತ ಅಂತೋಣಿಯವರ ಬಸಿಲಿಕಕ್ಕೆ ಹೋಗಿ ಒಂದು ಮೇಣದಬತ್ತಿ ಹಚ್ಚಿ ಕೂರುತ್ತಾರೆ. ಅಲ್ಲಿಗೆ ಎಲ್ಲ ಧರ್ಮದವರೂ ಬರುತ್ತಾರೆ, ಯಾರೂ ಯಾರ ಬಯೋಡೇಟಾ ಕೇಳುವುದಿಲ್ಲ. ತನ್ನ ಹೆಸರನ್ನು ತಾನೇ ದೇವರ ಮುಂದೆ ಹೇಳಿಕೊಳ್ಳುವ ಮನುಷ್ಯ ತನ್ನ ಹೆಸರಿಗೆ ಇನ್ನೂ ಬೆಲೆ ಇದೆ ಎಂದು ನಂಬುತ್ತಾನೆ. ಕೀರ್ತನೆಗಳ ಪುಸ್ತಕದ ಎಷ್ಟೋ ಕೀರ್ತನೆಗಳು ದೂರುಗಳೇ. ಹತಾಶೆಯನ್ನು ಒಳಗೇ ಕೊಳೆಯಲು ಬಿಡದೆ ಮಾತಾಗಿಸುವ ಈ ದಾರಿಯನ್ನು ವ್ಯರ್ಥ ಎನ್ನುವವರು ಹತಾಶೆಯ ಆಳವನ್ನು ಕಡಿಮೆ ಅಂದಾಜು ಮಾಡುತ್ತಿದ್ದಾರೆ. ಪ್ರಾರ್ಥನೆ ಕೆಲಸದ ಆದೇಶ ಪತ್ರವಲ್ಲ, ನಿಜ. ಆದರೆ ಆದೇಶ ಪತ್ರ ಬರುವವರೆಗೆ ಮನುಷ್ಯ ಮುರಿಯದೆ ಇರಬೇಕಲ್ಲ.

ಹಾಗಿದ್ದರೆ ಉಳಿದವರ ಪ್ರಾರ್ಥನೆ ಹೇಗಿರಬೇಕು? ಇದಕ್ಕೆ ಉತ್ತರ ನಮ್ಮ ನಾಡಿನ ಚರಿತ್ರೆಯಲ್ಲೇ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಕ್ರೈಸ್ತರು ಚೆದುರಿ, ದಿಕ್ಕುಗೆಟ್ಟಿದ್ದರು. ಅವರ ನಡುವೆ ಕೆಲಸ ಮಾಡಲು ಬಂದವರು ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ. ಶ್ರೀರಂಗಪಟ್ಟಣದ ಗಂಜಾಮಿನ ಚರ್ಚನ್ನು ಜನ ಇಂದಿಗೂ ಅವರ ಹೆಸರಿನಿಂದ ಗುರುತಿಸುತ್ತಾರೆ. ಈ ಸೀಮೆಯ ಉಡುಪು ಉಟ್ಟು, ಇಲ್ಲಿನ ಊಟ ಉಂಡು ಬದುಕಿದ ಅವರು ಬಡವರಾದ ತಮ್ಮ ಜನರಿಗೆ ಜಪಮಾಲೆ ಮಾತ್ರ ಕೊಟ್ಟು ಕೂರಲಿಲ್ಲ. ಹಾಸನದ ಬಳಿಯ ಸಾತಹಳ್ಳಿಯಲ್ಲಿ ಬೇಸಾಯದ ನೆಲೆ ಕಟ್ಟಿ ಜನರನ್ನು ಉಳುಮೆಗೆ ಹಚ್ಚಿದರು. ಸಿಡುಬಿಗೆ ಲಸಿಕೆ ಹಾಕುವ ಕೆಲಸವನ್ನೂ ಹರಡಿದರು. 1823ರಲ್ಲಿ ಅವರು ಫ್ರಾನ್ಸಿಗೆ ಮರಳಿದರು.

ಕರಾವಳಿಯ ಕಥೆ ಇನ್ನೂ ದೊಡ್ಡದು. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. ಕ್ರೈಸ್ತರಾದವರನ್ನು ಅವರ ಮನೆಯವರೇ ಹೊರಗೆ ಹಾಕಿದರು, ಕುಟುಂಬದ ಆಸ್ತಿಯ ಹಕ್ಕು ಹೋಯಿತು, ಜಾತಿಯ ಜೊತೆಗಿದ್ದ ಕಸುಬೂ ಹೋಯಿತು. ನಂಬಿಕೆಯೇ ಅವರನ್ನು ನಿರುದ್ಯೋಗಿಗಳನ್ನಾಗಿ ಮಾಡಿತ್ತು. ಇಂಥವರಿಗೆ ‘ಪ್ರಾರ್ಥನೆ ಮಾಡಿ’ ಎಂದಷ್ಟೇ ಹೇಳುವುದು ಸಾಧ್ಯವಿರಲಿಲ್ಲ. ಮಿಷನ್ನಿನವರು ಹಲವು ಪ್ರಯೋಗ ಮಾಡಿದರು, ಕೆಲವು ಕೈಕೊಟ್ಟವು, ನೇಯ್ಗೆ ಮತ್ತು ಹೆಂಚು ನಿಂತವು. 1865ರಲ್ಲಿ ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್ಸ್ಟ್ ಶುರುಮಾಡಿದ ಕಾರ್ಖಾನೆಯಿಂದ ಹುಟ್ಟಿದ್ದೇ ಮಂಗಳೂರು ಹೆಂಚು. ಮೈಸೂರಿನ ಹಳೆಯ ಮೊಹಲ್ಲಾಗಳ ಮನೆಗಳ ಮೇಲೆ ಇಂದಿಗೂ ಮಂಗಳೂರು ಹೆಂಚು ಇದೆ. ಯಜಮಾನನೂ ಸಭೆಯೂ ಒಂದೇ ಆದಾಗ ಕೆಲಸಗಾರ ಎರಡೂ ಕಡೆ ತಲೆ ತಗ್ಗಿಸಬೇಕಾಗುತ್ತದೆ ಎಂಬ ಟೀಕೆ ಈ ಪ್ರಯೋಗಕ್ಕೆ ಸಲ್ಲುತ್ತದೆ, ಅದನ್ನು ಮರೆಯಬಾರದು. ಆದರೂ ಒಂದು ಸಭೆ ನಿರುದ್ಯೋಗವನ್ನು ತನ್ನ ಹೊಣೆ ಎಂದುಕೊಂಡಾಗ ಏನು ಆಗಬಲ್ಲದು ಎಂಬುದಕ್ಕೆ ಆ ಹೆಂಚು ಪುರಾವೆ. ನಮ್ಮ ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆಯೂ 1906ರಿಂದ ರೋಗಿಗಳಿಗೆ ಆರೈಕೆ ಕೊಟ್ಟಂತೆಯೇ ಎಷ್ಟೋ ಹೆಣ್ಣುಮಕ್ಕಳಿಗೆ ನರ್ಸಿಂಗ್ ಕಲಿಸಿ ಅನ್ನದ ದಾರಿ ಮಾಡಿಕೊಟ್ಟಿದೆ.

ಅಶೋಕ ರಸ್ತೆಯ ನಮ್ಮ ಫಿಲೋಮಿನಾ ಚರ್ಚಿನ ವಿಷಯದಲ್ಲಿ ಅನೇಕರ ಗಮನಕ್ಕೆ ಬಾರದ ಒಂದು ಸಂಗತಿ ಇದೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟ, ಸುಮಾರು 175 ಅಡಿ ಎತ್ತರದ ಜೋಡಿ ಗೋಪುರಗಳ ಈ ಪ್ರಧಾನಾಲಯ ಸಂತ ಫಿಲೋಮಿನಾ ಒಬ್ಬರದೇ ಅಲ್ಲ, ಸಂತ ಜೋಸೆಫರದೂ ಹೌದು. ಜೋಸೆಫರು ಬಡಗಿ. 1955ರಲ್ಲಿ ಹನ್ನೆರಡನೆಯ ಪಿಯೂಸ್ ಪೋಪರು ಮೇ 1ನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವೆಂದು ಸಾರಿದರು. 1981ರಲ್ಲಿ ಎರಡನೆಯ ಜಾನ್ ಪಾಲ್ ಪೋಪರು ದುಡಿಮೆಯ ಬಗ್ಗೆ ಬರೆದ ವಿಶ್ವಪತ್ರದಲ್ಲಿ ನಿರುದ್ಯೋಗವನ್ನು ಕೇಡೆಂದೇ ಕರೆದು, ಕೆಲಸವಿಲ್ಲದವರಿಗೆ ಭತ್ಯೆ ಕೊಡುವುದು ಸಮಾಜದ ಕರ್ತವ್ಯ ಎಂದರು. ಕ್ಯಾಥೊಲಿಕ್ ಸಭೆಯ ಅಧಿಕೃತ ಬೋಧನೆ ನಿರುದ್ಯೋಗದ ಹೊಣೆಯನ್ನು ಸಮಾಜದ ಮೇಲೆ ಇಡುತ್ತದೆ. ಅಂಗಳದ ಮಾತು ಅದನ್ನು ನಿರುದ್ಯೋಗಿಯ ಮೇಲೆಯೇ ಇಡುತ್ತದೆ. ಬದಲಾಗಬೇಕಾದದ್ದು ಅಂಗಳದ ಮಾತು.

‘ನಮ್ಮದು ಚಿಕ್ಕ ಸಭೆ, ಕೆಲಸ ಎಲ್ಲಿಂದ ಕೊಡೋಣ’ ಎಂದು ಸಭಾಪಾಲಕರು ಕೇಳಬಹುದು. ಹೆಂಚಿನ ಕಾರ್ಖಾನೆ ಕಟ್ಟಿ ಎಂದು ನಾನು ಹೇಳುತ್ತಿಲ್ಲ. ಕ್ರೈಸ್ತ ಸಂಸ್ಥೆಗಳಲ್ಲಿ ‘ನಮ್ಮವರಿಗೆ’ ಶಿಫಾರಸು ಮಾಡಿ ಕೆಲಸ ಕೊಡಿಸಿ ಎಂದೂ ಹೇಳುತ್ತಿಲ್ಲ. ಅದು ಇನ್ನೊಬ್ಬ ನಿರುದ್ಯೋಗಿಗೆ ಮಾಡುವ ಅನ್ಯಾಯ. ಆದರೆ ಮೈಸೂರು ನಿವೃತ್ತರ ಊರು. ಪ್ರತಿ ಸಭೆಯಲ್ಲೂ ಬ್ಯಾಂಕಿನಲ್ಲಿ, ರೈಲ್ವೆಯಲ್ಲಿ, ಕಾಲೇಜಿನಲ್ಲಿ, ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ಬಂದವರು ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ. ಅವರಲ್ಲಿ ಇಬ್ಬರು ವಾರಕ್ಕೊಂದು ಸಂಜೆ ಕೂತು ಬಯೋಡೇಟಾ ತಿದ್ದಿ ಕೊಡಬಹುದು, ಸಂದರ್ಶನದ ಅಭ್ಯಾಸ ಮಾಡಿಸಬಹುದು. ಕಾಣಿಕೆಯ ಒಂದು ಪಾಲನ್ನು ಪರೀಕ್ಷೆಯ ಶುಲ್ಕಕ್ಕೆ, ಬೆಂಗಳೂರಿನ ರೈಲು ಖರ್ಚಿಗೆ, ಒಂದು ತಿಂಗಳ ಬಾಡಿಗೆಗೆ ಎಂದು ಎತ್ತಿಡಬಹುದು. ಪಡೆದವರ ಹೆಸರನ್ನು ಯಾರಿಗೂ ಹೇಳಬಾರದು. ಎಲ್ಲೆಲ್ಲಿ ಕೆಲಸ ಖಾಲಿ ಇದೆ ಎಂಬುದನ್ನು ಯಾರು ಬೇಕಾದರೂ ಓದುವಂತೆ ಗೇಟಿನ ಬಳಿಯ ಬೋರ್ಡಿಗೆ ಹಾಕಬಹುದು. ರಾಜ್ಯ ಸರ್ಕಾರದ ಯುವನಿಧಿ ಯೋಜನೆಯಲ್ಲಿ ಓದು ಮುಗಿದು 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾ ಮಾಡಿದವರಿಗೆ 1500 ರೂಪಾಯಿ, ಗರಿಷ್ಠ ಎರಡು ವರ್ಷ ಸಿಗುತ್ತದೆ. ಅರ್ಹರಾಗಿದ್ದೂ ನಾಚಿಕೆಯಿಂದ ಅರ್ಜಿ ಹಾಕದವರ ಜೊತೆ ಕೂತು ಅರ್ಜಿ ತುಂಬಿಸಬಹುದು. ಯೆರೂಸಲೇಮಿನ ಮೊದಲ ಸಭೆಯಲ್ಲಿ ವಿಧವೆಯರಿಗೆ ಅನ್ನ ಹಂಚುವುದರಲ್ಲಿ ತಾರತಮ್ಯ ಆಗುತ್ತಿದೆ ಎಂಬ ದೂರು ಬಂದಾಗ ಅಪೊಸ್ತಲರು ಇನ್ನೊಂದು ಪ್ರಾರ್ಥನಾ ಕೂಟ ಕರೆದು ಮುಗಿಸಲಿಲ್ಲ. ಏಳು ಜನರನ್ನು ಆರಿಸುವಂತೆ ಸಭೆಗೆ ಹೇಳಿ, ಅವರನ್ನು ಆ ಕೆಲಸಕ್ಕೇ ನೇಮಿಸಿದರು.

ಅಂಗಡಿ, ಶಾಲೆ, ವರ್ಕ್‌ಶಾಪು, ಆಫೀಸು ನಡೆಸುವ ವಿಶ್ವಾಸಿಗಳಿಗೆ ಇನ್ನೂ ಒಂದು ಮಾತು. ನಿಮ್ಮ ಮೇಜಿನ ಮೇಲೆ ಬಂದ ಅರ್ಜಿಗೆ ‘ಇಲ್ಲ’ ಎಂದಾದರೂ ಉತ್ತರ ಕೊಡಿ. ಕೆಲಸಕ್ಕೆ ತೆಗೆದುಕೊಂಡವರಿಗೆ ಸಂಬಳವನ್ನು ಹೇಳಿದ ದಿನ ಕೊಡಿ. ಇವೂ ಪ್ರಾರ್ಥನೆಯ ಭಾಗವೇ. ಬಟ್ಟೆಯಿಲ್ಲದ, ಊಟವಿಲ್ಲದ ಸಹೋದರನಿಗೆ ಏನೂ ಕೊಡದೆ ಒಳ್ಳೆಯ ಮಾತಾಡಿ ಕಳಿಸಿದರೆ ಏನು ಪ್ರಯೋಜನ ಎಂದು ಯಾಕೋಬನು ತನ್ನ ಪತ್ರದಲ್ಲಿ ಕೇಳಿದ್ದು ನಮ್ಮನ್ನೇ.

ಕೆಲಸ ಇರುವವರು ಮಾಡಬೇಕಾದ ಪ್ರಾರ್ಥನೆಯನ್ನು ನನಗೆ ತೋಚಿದ ಮಾತುಗಳಲ್ಲಿ ಬರೆಯುತ್ತೇನೆ:

‘ತಂದೆಯೇ, ನಮ್ಮ ನಡುವೆ ಕೆಲಸವಿಲ್ಲದೆ ನೊಂದವರಿದ್ದಾರೆ. ಅವರ ನಂಬಿಕೆಯನ್ನು ತೂಗುವ ತಕ್ಕಡಿಯನ್ನು ನಮ್ಮ ಕೈಯಿಂದ ತೆಗೆದುಬಿಡು. ಅವರು ಹೇಳುವುದನ್ನು ಪೂರ್ತಿ ಕೇಳುವ ತಾಳ್ಮೆ ಕೊಡು. ನಮಗೆ ಗೊತ್ತಿರುವ ದಾರಿಯನ್ನು ಮುಚ್ಚಿಡದಂತೆ, ನಮ್ಮಲ್ಲಿರುವ ಹಣವನ್ನು ಬಿಗಿಹಿಡಿಯದಂತೆ ಮಾಡು. ಅವರ ಮನೆಯ ಈ ತಿಂಗಳ ಚಿಂತೆ ನಮ್ಮ ಮನೆಯ ಚಿಂತೆಯೂ ಆಗಲಿ. ಕೆಲಸ ಸಿಗುವವರೆಗೆ ಅವರು ಒಂಟಿಯಾಗದಂತೆ ನಮ್ಮನ್ನು ಅವರ ಬಳಿಗೆ ಕಳುಹಿಸು. ಆಮೆನ್.’

ಇದು ಕಷ್ಟದ ಪ್ರಾರ್ಥನೆ, ಏಕೆಂದರೆ ಇದನ್ನು ಹೇಳಿದವರು ಸುಮ್ಮನೆ ಮನೆಗೆ ಹೋಗುವಂತಿಲ್ಲ.

ಕೆಲಸ ಹುಡುಕುತ್ತಿರುವ ತಂಗಿ, ತಮ್ಮ, ಇದನ್ನು ನೀವು ಓದುತ್ತಿದ್ದರೆ ನಿಮಗೆ ಹೇಳುವುದು ಇಷ್ಟೇ. ನಿಮಗೆ ಕೆಲಸ ಸಿಗದಿರುವುದು ದೇವರು ಬರೆದ ತೀರ್ಪಲ್ಲ. ಪ್ರಾರ್ಥಿಸಬೇಕೆನಿಸಿದರೆ ಪ್ರಾರ್ಥಿಸಿ, ದೂರಬೇಕೆನಿಸಿದರೆ ದೂರಿ, ಎರಡಕ್ಕೂ ಬೈಬಲ್ಲಿನಲ್ಲಿ ಜಾಗವಿದೆ. ಎರಡೂ ಬಾರದ ದಿನ ಸುಮ್ಮನಿರಿ, ಆ ದಿನ ನಿಮ್ಮ ಪರವಾಗಿ ಪ್ರಾರ್ಥಿಸುವುದು ನಮ್ಮ ಕೆಲಸ. ದುಡ್ಡು ಕೊಟ್ಟರೆ ಕೆಲಸ ಕೊಡಿಸುತ್ತೇನೆ ಎನ್ನುವವರು ದೇವರ ಹೆಸರು ಹೇಳಿಕೊಂಡು ಬಂದರೂ ನಂಬಬೇಡಿ. ಆರಾಧನೆ ಮುಗಿಯುವ ಮೊದಲೇ ಎದ್ದು ಹೋಗಬೇಡಿ. ಆ ಜಾಗ ನಿಮ್ಮದೇ.

ಉಳಿದವರಲ್ಲಿ ನನ್ನ ವಿನಂತಿ: ಈ ಭಾನುವಾರ ಪ್ರಾರ್ಥನಾ ಕೋರಿಕೆಗಳಲ್ಲಿ ‘ಕೆಲಸಕ್ಕಾಗಿ’ ಎಂದು ಒಂದು ಹೆಸರು ಕೇಳಿದರೆ, ಆಮೆನ್ ಹೇಳಿದ ಮೇಲೆ ಅವರ ಬಳಿ ಹೋಗಿ. ‘ಪ್ರಾರ್ಥನೆ ಮಾಡು’ ಎನ್ನಬೇಡಿ. ‘ನಿನಗೆ ಯಾವ ಕೆಲಸ ಬರುತ್ತದೆ, ನಾನು ಯಾರನ್ನು ಕೇಳಲಿ’ ಎಂದು ಕೇಳಿ, ಅವರ ಫೋನ್ ನಂಬರ್ ಬರೆದುಕೊಂಡು ಬನ್ನಿ.